ಮಾಡೆಲ್ ವಿಮಾನ ನೆಲದ ಮೇಲೆ ಸೊಟ್ಟ ಓಡಿದರೆ: ತಪ್ಪು ಚಕ್ರದ್ದೋ, ಮೋಟಾರಿನದ್ದೋ?

ಥ್ರಾಟಲ್ ಕೊಟ್ಟ ಕೂಡಲೇ ವಿಮಾನ ಎಡಕ್ಕೆ ಎಳೆದರೆ ಹೆಚ್ಚಿನವರು ರಡ್ಡರ್ ಟ್ರಿಮ್‌ಗೆ (ಬಾಲದ ನಿಂತ ಪಟ್ಟಿಯಾದ ರಡ್ಡರನ್ನು ಸದಾ ಒಂದು ಬದಿಗೆ ಓರೆ ಇಡುವ ಗುಂಡಿಗೆ) ಕೈ ಹಾಕುತ್ತಾರೆ. ಆಗ ನೆಲದ ಮೇಲೆ ನೆಟ್ಟಗಾದದ್ದು ಗಾಳಿಯಲ್ಲಿ ಸೊಟ್ಟಗಾಗುತ್ತದೆ. ಮೊದಲು ಪ್ರೊಪೆಲರ್ ಬಿಚ್ಚಿ, ರೇಡಿಯೊ ಆನ್ ಮಾಡಿ, ರಡ್ಡರನ್ನು ನಡುವಿಗೆ ನಿಲ್ಲಿಸಿ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಸಿಕ್ಕರೆ ಅಲ್ಲಿ ಮೆಲ್ಲಗೆ ತಳ್ಳಿಬಿಡಿ. ನಾಲ್ಕು ಮೀಟರಿನೊಳಗೆ ಗೇಣಿಗಿಂತ ಹೆಚ್ಚು ಸರಿದರೆ ತಪ್ಪು ಚಕ್ರದ್ದು: ಗೇರ್ ತಂತಿ (ಚಕ್ರ ಹಿಡಿದಿರುವ ಕಾಲು) ಬಾಗಿದೆ, ಇಲ್ಲವೇ ಒಂದು ಚಕ್ರ ಬಿಗಿಯಾಗಿದೆ. ನೆಟ್ಟಗೆ ಹೋಗಿ, ಪ್ರೊಪೆಲರ್ ಮತ್ತೆ ಹಾಕಿ ಮೋಟಾರ್ ಓಡಿಸಿದಾಗ ಮಾತ್ರ ಎಳೆದರೆ ಥ್ರಸ್ಟ್ (ಪ್ರೊಪೆಲರ್ ಎಳೆಯುವ ಬಲ) ಕಡೆ ನೋಡಿ.

ಚಕ್ರದ ಜಾಗವೇ ಮುಖ್ಯ. ಬಾಲಚಕ್ರದ ಮಾಡೆಲ್‌ನಲ್ಲಿ ಮುಖ್ಯ ಚಕ್ರಗಳು ಸಿಜಿಗಿಂತ (ವಿಮಾನದ ತೂಕ ಸಮತೂಗುವ ಬಿಂದು) ಮುಂದಿರಬೇಕು. ಬಾಲ ಎತ್ತಿ ಮಟ್ಟವಾಗಿ ಹಿಡಿದಾಗ ಸಿಜಿ ನೆಲದಿಂದ 15 ಸೆಂ.ಮೀ. ಎತ್ತರದಲ್ಲಿದ್ದರೆ, ಚಕ್ರ ನೆಲ ಮುಟ್ಟುವ ಬಿಂದು ಸುಮಾರು 4 ಸೆಂ.ಮೀ. ಮುಂದಿರಲಿ, ಅಂದರೆ ಸಿಜಿಯ ಲಂಬಗೆರೆಯಿಂದ 15 ಡಿಗ್ರಿ. ಕೊಯ್ಲಾದ ಗದ್ದೆಯಲ್ಲೋ ಹುಲ್ಲಿನಲ್ಲೋ ಹಾರಿಸುವವರು 5 ಸೆಂ.ಮೀ. ಇಟ್ಟು, ದೊಡ್ಡ ಚಕ್ರ ಹಾಕಿ. ಪ್ರೊಪೆಲರ್ ಮೇಲಿಂದ ಎಳೆಯುತ್ತದೆ, ಕೂಳೆ ಕೆಳಗಿಂದ ತಡೆಯುತ್ತದೆ. ಚಕ್ರ ಹಿಂದಿದ್ದರೆ ಮೂಗು ಮಣ್ಣಿಗೆ. ಹಾಗಂತ ತೀರಾ ಮುಂದಿಟ್ಟರೆ, ಒಮ್ಮೆ ತಿರುಗಲು ಶುರುವಾದ ಮೇಲೆ ಹಿಂದಿನ ತೂಕವೇ ಬಾಲವನ್ನು ಹೊರಕ್ಕೆ ನೂಕಿ ಗಿರಕಿ ಹೊಡೆಸುತ್ತದೆ.

ಮೂಗುಚಕ್ರದ ಮಾಡೆಲ್‌ನಲ್ಲಿ ಲೆಕ್ಕ ತಿರುವುಮುರುವು: ಮುಖ್ಯ ಚಕ್ರ ಸಿಜಿಗೆ ಸ್ವಲ್ಪ ಹಿಂದೆ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಲ್ಲಿ ಇಳಿಯುವ ಪ್ರಯಾಣಿಕ ವಿಮಾನ ಎಟಿಆರ್ 72 ಕೂಡ ಇದೇ ಜಾತಿ. ಚಕ್ರ ಅತಿ ಹಿಂದಿದ್ದರೆ ಎಲಿವೇಟರ್ (ಮೂಗನ್ನು ಏರಿಸಿ ಇಳಿಸುವ ಬಾಲದ ಅಡ್ಡ ಪಟ್ಟಿ) ಎಷ್ಟು ಎಳೆದರೂ ಮೂಗು ಏಳದು, ಕೊನೆಗೆ ಒಮ್ಮೆಲೇ ನೆಗೆಯುತ್ತದೆ.

ಇನ್ನು ಥ್ರಸ್ಟ್. ಹಿಂದಿನಿಂದ ನೋಡಿದಾಗ ಪ್ರೊಪೆಲರ್ ಬಲಕ್ಕೆ ಸುತ್ತುವುದರಿಂದ ಎಡ ಚಕ್ರದ ಮೇಲೆ ಭಾರ ಬೀಳುತ್ತದೆ, ಸುಳಿಗಾಳಿ ಬಾಲದ ಎಡ ಮೈಗೆ ಬಡಿಯುತ್ತದೆ. ಎರಡೂ ಮೂಗನ್ನು ಎಡಕ್ಕೆ ತಿರುಗಿಸುತ್ತವೆ. ಮೋಟಾರ್ ಮೌಂಟ್‌ನ ಎಡಬದಿಯ ಸ್ಕ್ರೂಗಳ ಹಿಂದೆ ವಾಷರ್ ಹಾಕಿ ಮೋಟಾರನ್ನು ಬಲಕ್ಕೆ ಓರೆ ಮಾಡಿ. ಸ್ಕ್ರೂಗಳ ನಡುವೆ 30 ಮಿ.ಮೀ. ಇದ್ದರೆ 1 ಮಿ.ಮೀ. ವಾಷರ್ ಹೆಚ್ಚುಕಡಿಮೆ 2 ಡಿಗ್ರಿ ಕೊಡುತ್ತದೆ. ಆರಂಭಕ್ಕೆ ಅಷ್ಟು ಸಾಕು.

ಉಳಿದದ್ದು ಬೆರಳಿನ ಕೆಲಸ. ಬಾಲಚಕ್ರದ್ದಾದರೆ ಎಲಿವೇಟರನ್ನು ಮೇಲಕ್ಕೆ ಹಿಡಿದೇ ಶುರುಮಾಡಿ, ಥ್ರಾಟಲನ್ನು ಮೂರ್ನಾಲ್ಕು ಸೆಕೆಂಡಿನಲ್ಲಿ ಏರಿಸಿ, ವೇಗ ಬಂದಂತೆ ಎಲಿವೇಟರ್ ಸಡಿಲಿಸಿ. ಬಾಲ ಏಳುವ ಗಳಿಗೆಯಲ್ಲಿ ಇನ್ನೊಮ್ಮೆ ಎಡಕ್ಕೆ ಜಗ್ಗುತ್ತದೆ. ಬಲ ರಡ್ಡರ್ ಆ ಗಳಿಗೆಯಲ್ಲೇ ಕೊಡಬೇಕು.

ಶಿವಮೊಗ್ಗ ಸುತ್ತಮುತ್ತಲಿನವರು ಮೈದಾನ ಆರಿಸುವ ಮುನ್ನ ಡಿಜಿಟಲ್ ಸ್ಕೈ ನಕ್ಷೆ (ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಎಂದು ತೋರಿಸುವ ಸರ್ಕಾರಿ ನಕ್ಷೆ) ನೋಡಿಕೊಳ್ಳಿ. ಸೋಗಾನೆ ನಿಲ್ದಾಣದ ಆಸುಪಾಸು ಬೇಡವೇ ಬೇಡ.