ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಓದುಕೂಟದಲ್ಲಿ ಕ್ರಾಂತಿ, ಪಕ್ಷದ ಪಾಠ ನಡೆಸುವ ಬಗೆ

ಮೊದಲ ಭಾನುವಾರ ಪುಸ್ತಕ ಬಿಚ್ಚಬೇಡಿ. ಎಲ್ಲರಿಗೂ ಸಂಬಳದ ಚೀಟಿ ತರಲು ಹೇಳಿ. ಬೆಂಗಳೂರಿನ ಪೀಣ್ಯ, ಲಗ್ಗೆರೆ ಕಡೆ ಇಂಥ ಕೂಟಗಳನ್ನು ನಡೆಸುತ್ತ ಬಂದಿದ್ದೇನೆ. ಹೊಸದಾಗಿ ಶುರುಮಾಡುವವರಿಗೆ ದಾರಿ ಸುಲಭವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಬೆಳಗ್ಗೆ ಹೊತ್ತು ಕರೆಯಬೇಡಿ. ನೀರು ಹಿಡಿಯುವುದು, ವಾರದ ಬಟ್ಟೆ ಒಗೆಯುವುದು ಎಲ್ಲ ಅವತ್ತೇ. ಮಧ್ಯಾಹ್ನ ಮೂರರ ಮೇಲೆ ಒಂದೂವರೆ ಗಂಟೆ ಸಾಕು. ಮಕ್ಕಳನ್ನೂ ಕರೆತರಲಿ, ಅವರನ್ನು ನೋಡಿಕೊಳ್ಳುವ ಪಾಳಿ ಗಂಡಸರದ್ದಾಗಲಿ.

ಚೀಟಿ ಮುಂದಿಟ್ಟುಕೊಂಡು ಲೆಕ್ಕ ಹಾಕಿ. ಪಾಠಕ್ಕೆಂದು ಹೀಗೆ ಇಟ್ಟುಕೊಳ್ಳೋಣ: ಒಂದು ಲೈನಿನಲ್ಲಿ, ಅಂದರೆ ಹೊಲಿಗೆ ಮಿಷನ್‌ಗಳ ಒಂದು ಸಾಲಿನಲ್ಲಿ, 40 ಜನ, ದಿನಕ್ಕೆ ತಲಾ 500 ರೂಪಾಯಿ, ಒಟ್ಟು 20,000. ಟಾರ್ಗೆಟ್ ಗಂಟೆಗೆ 100 ಶರ್ಟ್. ಬಟ್ಟೆ, ದಾರ, ಕರೆಂಟು, ಮಿಷನ್ ಸವೆತ ಎಲ್ಲ ಕಳೆದ ಮೇಲೆ ಹೊಲಿಗೆಯಿಂದ ಶರ್ಟಿಗೆ 50 ರೂಪಾಯಿ ಮೌಲ್ಯ ಸೇರಿದರೆ, ಗಂಟೆಗೆ 5,000. ಅಂದರೆ ನಾಲ್ಕೇ ಗಂಟೆಯಲ್ಲಿ ಇಡೀ ಲೈನಿನ ಕೂಲಿ ಹುಟ್ಟಿತು. ಎಂಟು ಗಂಟೆಯ ಪಾಳಿಯಲ್ಲಿ ಉಳಿದ ನಾಲ್ಕು ಗಂಟೆ ಯಾರಿಗೆ? ಮಾರ್ಕ್ಸ್ ಹೇಳಿದ ಹೆಚ್ಚುವರಿ ಮೌಲ್ಯ ಅಲ್ಲಿದೆ. ಆಮೇಲೆ ಅವರವರ ಲೈನಿನ ಅಂಕಿ ಹಾಕಿಸಿ. ಪೆನ್ನು ನಿಮ್ಮ ಕೈಯಲ್ಲಿರುವುದು ಬೇಡ.

ಎರಡನೇ ವಾರದ ಪಾಠಕ್ಕೆ ಹೆಚ್ಚು ಹೊತ್ತು ಕೊಡಿ. 2016ರ ಏಪ್ರಿಲ್ 18 ಮತ್ತು 19ರಂದು ಏನಾಯಿತು ಎಂದು ಕೇಳಿ. ಪಿಎಫ್ ದುಡ್ಡು ಪೂರ್ತಿ ತೆಗೆಯಲು 58 ವರ್ಷದವರೆಗೆ ಕಾಯಬೇಕು ಎಂಬ ಹೊಸ ನಿಯಮದ ವಿರುದ್ಧ ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಎರಡನೇ ದಿನವೇ ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಅವತ್ತು ಬೀದಿಯಲ್ಲಿದ್ದವರು ನಿಮ್ಮ ಕೂಟದಲ್ಲಿ ಒಬ್ಬರಾದರೂ ಇರುತ್ತಾರೆ, ಅವರೇ ಹೇಳಲಿ.

ಅದರ ಪಕ್ಕದಲ್ಲಿ ರಷ್ಯಾದ ಆಗಿನ ರಾಜಧಾನಿ ಪೆಟ್ರೊಗ್ರಾಡಿನ 1917ರ ಕಥೆ ಇಡಿ. ಅಂತರರಾಷ್ಟ್ರೀಯ ಮಹಿಳಾ ದಿನದಂದು ವೈಬೋರ್ಗ್ ಬಡಾವಣೆಯ ಜವಳಿ ಗಿರಣಿಗಳ ಹೆಂಗಸರು ರೊಟ್ಟಿ ಕೇಳುತ್ತ ಹೊರಬಂದರು. ಅಂದು ಮುಷ್ಕರ ಬೇಡವೆಂದು ಅಲ್ಲಿನ ಬೊಲ್ಶೆವಿಕರೇ, ಅಂದರೆ ಲೆನಿನ್ ಪಕ್ಷದವರೇ, ಹೇಳಿದ್ದರು. ಹೆಂಗಸರು ಕೇಳಲಿಲ್ಲ, ಲೋಹ ಕಾರ್ಖಾನೆಗಳ ಗಂಡಸರನ್ನೂ ಹೊರಗೆ ಕರೆದರು. ಇನ್ನೊಂದು ವಾರದಲ್ಲಿ ತ್ಸಾರ್ ಸಿಂಹಾಸನ ಬಿಟ್ಟ. ಈ ಎರಡು ಕಥೆ ಜೊತೆಗೆ ಕೇಳಿದಾಗ ಕೂತವರ ಮುಖ ನೋಡಬೇಕು.

ಆದರೆ ಅಲ್ಲಿಗೇ ಬಿಡಬೇಡಿ. ಎದ್ದು ನಿಲ್ಲಲು ಪಕ್ಷ ಬೇಕಾಗಲಿಲ್ಲ, ಸರಿ. ಮರುದಿನ? ಪೆಟ್ರೊಗ್ರಾಡಿನಲ್ಲಿ ಅಧಿಕಾರ ತಾತ್ಕಾಲಿಕ ಸರ್ಕಾರದ ಪಾಲಾಯಿತು, ಮೊದಲ ಮಹಾಯುದ್ಧ ನಿಲ್ಲಲಿಲ್ಲ. ನಮ್ಮಲ್ಲಿ ಪಿಎಫ್ ಉಳಿಯಿತು, ಟಾರ್ಗೆಟ್ ಹಾಗೇ ಇತ್ತು, ಕೆಲವರ ಮೇಲೆ ಪೊಲೀಸ್ ಕೇಸು ಬಿತ್ತು. ರಷ್ಯಾದಲ್ಲಿ ಆಮೇಲಿನ ತಿಂಗಳುಗಳಲ್ಲಿ ಕಾರ್ಖಾನೆ ಸಮಿತಿ, ಸೋವಿಯತ್ತುಗಳಲ್ಲಿ (ಕಾರ್ಮಿಕರು, ಸೈನಿಕರು ಆರಿಸಿದ ಸಭೆಗಳಲ್ಲಿ) ಕೂತು, ವಾದಿಸಿ, ಸೆಪ್ಟೆಂಬರ್ ಹೊತ್ತಿಗೆ ಬಹುಮತ ಗಳಿಸಿದ ಬೊಲ್ಶೆವಿಕ್ ಪಕ್ಷವಿತ್ತು. ಜರ್ಮನಿಯ ಕಥೆ ಬೇರೆ. 1918ರ ನವೆಂಬರಿನಲ್ಲಿ ಅಲ್ಲಿನ ದೊರೆ ಕೈಸರ್ ಬಿದ್ದ, ಕಮ್ಯುನಿಸ್ಟ್ ಪಕ್ಷ ಹುಟ್ಟಿದ್ದು ವರ್ಷದ ಕೊನೆಗೆ. 1919ರ ಜನವರಿ 15ಕ್ಕೆ ಆ ಪಕ್ಷದ ನಾಯಕರಾದ ರೋಸಾ ಲಕ್ಸೆಂಬರ್ಗ್, ಕಾರ್ಲ್ ಲೀಬ್‌ಕ್ನೆಕ್ಟ್ ಇಬ್ಬರನ್ನೂ ಕೊಂದರು. ಮಳೆ ಶುರುವಾದ ಮೇಲೆ ಮಾಡು ಹೊದಿಸಲು ಹತ್ತಿದ ಹಾಗಾಯಿತು. ಸಂಘಟನೆ ಕಟ್ಟುವ ಕಾಲ ಏನೂ ನಡೆಯದಂತೆ ಕಾಣುವ ಈ ಭಾನುವಾರಗಳೇ, ಇದನ್ನು ಬಿಡಿಸಿ ಹೇಳಿ.

ಮುಂದಿನ ವಾರ, 1903ರಲ್ಲಿ ರಷ್ಯಾದ ಸಮಾಜವಾದಿ ಪಕ್ಷದ ಸಮ್ಮೇಳನದಲ್ಲಿ ಲೆನಿನ್ ಮತ್ತು ಅವರ ಜೊತೆಗಾರ ಮಾರ್ತೊವ್ ನಡುವೆ ನಡೆದ ಜಗಳವನ್ನು ಆಡಿಸಿ. ಪಕ್ಷದ ಸದಸ್ಯರು ಯಾರು? ಯಾವುದಾದರೊಂದು ಘಟಕದಲ್ಲಿ ಖುದ್ದಾಗಿ ದುಡಿಯುವವರು ಮಾತ್ರ ಎಂದರು ಲೆನಿನ್. ಘಟಕದ ನಿರ್ದೇಶನದಲ್ಲಿ ಸಹಕರಿಸಿದರೂ ಸಾಕು ಎಂದರು ಮಾರ್ತೊವ್. ಆ ಕಲಮಿನ ಮೇಲೆ 28-23ರಲ್ಲಿ ಗೆದ್ದದ್ದು ಮಾರ್ತೊವ್. ಕೂಟವನ್ನು ಎರಡು ಮಾಡಿ ವಾದಕ್ಕೆ ಬಿಡಿ. ನಮ್ಮಲ್ಲಿ ಒಬ್ಬ ಟೈಲರ್ ಎದ್ದು, "ಅಕ್ಕಾ, ಓಟಿ ಮುಗಿಸಿ ಎಂಟ್ ಗಂಟೆಗೆ ಮನೆ ಸೇರ್ತೀನಿ. ಅಡಿಗೆ ಮಾಡೋದಾ, ನಿಮ್ ಲೆನಿನ್ ಘಟಕಕ್ಕೆ ಬರೋದಾ?" ಎಂದು ಕೇಳಿದಳು. ಇಂಥ ಪ್ರಶ್ನೆಯನ್ನು ಹಾರಿಸಿ ಮುಂದೆ ಹೋಗಬಾರದು. ನಾನು ಲೆನಿನ್ ಕಡೆಯವಳೇ. ಆದರೆ ಕೆಲಸವನ್ನು ಅವಳ ದಿನಕ್ಕೆ ಹೊಂದುವಂತೆ ಕತ್ತರಿಸಿ ಕೊಡುವುದು ನಮ್ಮ ಜವಾಬ್ದಾರಿ. ಅವಳ ಒಂದು ಲೈನಿನಲ್ಲಿ ಚಂದಾ ಎತ್ತುವುದು, ಊಟದ ಬಿಡುವಿನಲ್ಲಿ ಹೆಲ್ಪರ್ ಹುಡುಗಿಯರ ಜೊತೆ ಕೂತು ಮಾತಾಡುವುದು ಪೂರ್ತಿ ಪಕ್ಷದ ಕೆಲಸವೇ.

ಊಟದ ಮಾತು ಬಂತು. ಡಬ್ಬಿ ಬಿಚ್ಚುವಾಗ ಯಾರ ಪಕ್ಕ ಯಾರು ಕೂರುತ್ತಾರೆ ಎಂದು ಗಮನಿಸಿ ಬರಲು ಹೇಳಿ. ಜಾತಿಯ ಪಾಠವನ್ನು ಅಲ್ಲಿಂದ ಎತ್ತಿಕೊಳ್ಳಿ, ಬೇರೆ ವಾರಕ್ಕೆ ದೂಡಬೇಡಿ. ನಿಮ್ಮ ಕೂಟದಲ್ಲಿ ಚಹಾ ಎಲ್ಲರ ಮನೆಯಿಂದಲೂ ಸರದಿಯಲ್ಲಿ ಬರಲಿ, ದಲಿತರ ಮನೆಯಿಂದ ಮೊದಲು ಬರಲಿ.

1871ರ ಪ್ಯಾರಿಸ್ ಕಮ್ಯೂನಿನಿಂದ, ಅಂದರೆ ಆ ನಗರದ ದುಡಿಯುವವರು ಎದ್ದು ಕಟ್ಟಿದ ಆಡಳಿತದಿಂದ, ಒಂದು ವಿಷಯ ಸಾಕು: ಚುನಾಯಿತರನ್ನು ಯಾವಾಗ ಬೇಕಾದರೂ ವಾಪಸ್ ಕರೆಸಬಹುದಿತ್ತು, ಅಧಿಕಾರಿಗಳ ಸಂಬಳಕ್ಕೆ ವರ್ಷಕ್ಕೆ 6,000 ಫ್ರಾಂಕಿನ ಮಿತಿ ಇತ್ತು. ಅದನ್ನು ನಿಮ್ಮ ಖಜಾಂಚಿಯಿಂದಲೇ ಜಾರಿಗೆ ತನ್ನಿ. ತಿಂಗಳಿಗೊಮ್ಮೆ ಲೆಕ್ಕ ಗಟ್ಟಿಯಾಗಿ ಓದಲಿ, ಕೈ ಎತ್ತಿ ಬದಲಿಸುವ ಹಕ್ಕು ಕೂಟಕ್ಕಿರಲಿ.

ಕಹಿಯಾದದ್ದನ್ನೂ ಮುಚ್ಚಿಡಬೇಡಿ. 1921ರ ಮಾರ್ಚಿನಲ್ಲಿ ಬೊಲ್ಶೆವಿಕ್ ಪಕ್ಷ ತನ್ನೊಳಗಿನ ಬಣಗಳನ್ನು ನಿಷೇಧಿಸಿತು, ಅದೇ ತಿಂಗಳು ಪೆಟ್ರೊಗ್ರಾಡ್ ಹತ್ತಿರದ ಕ್ರೊನ್‌ಸ್ಟಾಟ್ ನೌಕಾನೆಲೆಯ ನಾವಿಕರ ದಂಗೆಯನ್ನು ಬಲದಿಂದ ಅಡಗಿಸಿತು. ಬೇರೆ ಥರ ಯೋಚಿಸುವವರಿಗೂ ಸ್ವಾತಂತ್ರ್ಯ ಇರಬೇಕೆಂದು ರೋಸಾ 1918ರಲ್ಲಿ ಜೈಲಿನಿಂದಲೇ ಬರೆದಿದ್ದರು. ಸೂಪರ್‌ವೈಸರ್ ಬೈಗುಳದಡಿ ದಿನ ಕಳೆಯುವ ಹೆಂಗಸು ಇನ್ನೊಬ್ಬ ಸೂಪರ್‌ವೈಸರನ್ನು ಹುಡುಕಿಕೊಂಡು ನಮ್ಮ ಹತ್ತಿರ ಬರುವುದಿಲ್ಲ. ಆದ್ದರಿಂದ ನಿಮ್ಮನ್ನು ಎದುರು ಹಾಕಿಕೊಂಡು ಮಾತಾಡಿದವಳಿಗೇ ಮುಂದಿನ ವಾರದ ಪಾಠ ನಡೆಸಲು ಕೊಡಿ.

ಹಾಜರಿ ಪುಸ್ತಕ ಕಾಗದದಲ್ಲಿರಲಿ, ಅದು ಒಬ್ಬರ ಮನೆಯಲ್ಲೇ ಇರಲಿ. ವಾಟ್ಸಾಪಿನಲ್ಲಿ ಹೆಸರು, ಫೋಟೋ, ಕಾರ್ಖಾನೆಯ ಗುರುತು ಯಾವುದೂ ಹಾಕಬೇಡಿ. ಒಂದು ಸ್ಕ್ರೀನ್‌ಶಾಟ್ ಸಾಕು, ಸೋಮವಾರ ಬೆಳಗ್ಗೆ ಗೇಟಿನಲ್ಲಿ ಅವಳ ಕಾರ್ಡು ಕಿತ್ತುಕೊಳ್ಳುತ್ತಾರೆ.