ಕ್ಯಾಬಿನೆಟ್ ಬಿಚ್ಚದೆ ಮದರ್‌ಬೋರ್ಡ್ ಗುರುತಿಸುವ ಪ್ರೋಗ್ರಾಂ ಬರೆಯುವ ಬಗೆ

ನಾನು ನೋಡಿಕೊಳ್ಳುವ ಮಂಡ್ಯದ ಕಾಲೇಜು ಲ್ಯಾಬಿನಲ್ಲಿ 32 ಕಂಪ್ಯೂಟರುಗಳಿವೆ. ಕೆಲವು ಕಂಪನಿಯಿಂದ ಜೋಡಿಸಿಯೇ ಬಂದವು, ಉಳಿದವು ಬೇರೆ ಬೇರೆ ವರ್ಷಗಳಲ್ಲಿ ಅಸೆಂಬಲ್ ಮಾಡಿಸಿದವು. ಹೊರಗಿನ ಕ್ಯಾಬಿನೆಟ್ ನೋಡಿ ಒಳಗಿರುವ ಬೋರ್ಡ್ ಯಾವುದೆಂದು ಹೇಳಲು ಬರುವುದಿಲ್ಲ. ರ‍್ಯಾಮ್ ಹೆಚ್ಚಿಸಬೇಕಾದಾಗಲೋ ಬಯೋಸ್ ಅಪ್‌ಡೇಟ್ ಹುಡುಕಬೇಕಾದಾಗಲೋ ಪ್ರತಿಯೊಂದರ ಸ್ಕ್ರೂ ಬಿಚ್ಚಿ, ಧೂಳು ಊದಿ, ಟಾರ್ಚ್ ಹಿಡಿದು ನೋಡುವ ಬದಲು ಒಂದು ಚಿಕ್ಕ ಪ್ರೋಗ್ರಾಂ ಬರೆದುಕೊಂಡರೆ ಆ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಬರೆಯುವ ಮೊದಲು ಈ ಮಾಹಿತಿ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದಿರಬೇಕು. ಪ್ರೊಸೆಸರ್ ತನ್ನ ಗುರುತನ್ನು ಸಿಪಿಯುಐಡಿ ಎಂಬ ಸೂಚನೆಯ ಮೂಲಕ ತಾನೇ ಹೇಳುತ್ತದೆ. ಪಿಸಿಐ ಸಾಧನಗಳಲ್ಲಿ ತಯಾರಕರ ಸಂಖ್ಯೆಯೂ ಸಾಧನದ ಸಂಖ್ಯೆಯೂ ಇರುತ್ತವೆ. ಮದರ್‌ಬೋರ್ಡಿಗೆ ಅಂಥ ವ್ಯವಸ್ಥೆ ಇಲ್ಲ. ತಯಾರಕರು ಫರ್ಮ್‌ವೇರ್‌ನಲ್ಲಿ, ಅಂದರೆ ಬೋರ್ಡಿನ ಚಿಪ್ಪಿನಲ್ಲೇ ಇರುವ ತಂತ್ರಾಂಶದಲ್ಲಿ, ಬರೆದಿಟ್ಟ ಪಠ್ಯವೇ ಅದರ ಗುರುತು. ಆ ಪಠ್ಯವನ್ನು ಯಾವ ಕ್ರಮದಲ್ಲಿ ಇಡಬೇಕೆಂಬುದಕ್ಕೆ ಡಿಎಂಟಿಎಫ್ ಎಂಬ ಸಂಸ್ಥೆ ರೂಪಿಸಿರುವ ಮಾನದಂಡದ ಹೆಸರು ಎಸ್‌ಎಂಬಯೋಸ್. ರೇಷನ್ ಕಾರ್ಡಿನಲ್ಲಿ ಗುಮಾಸ್ತರು ಹೇಗೆ ಬರೆದರೋ ನಮ್ಮ ಹೆಸರು ಹಾಗೆಯೇ ಉಳಿಯುವಂತೆ, ಇಲ್ಲಿಯೂ ಬರೆದವರು ಖಾಲಿ ಬಿಟ್ಟಿದ್ದರೆ ಖಾಲಿ, ತಪ್ಪು ಬರೆದಿದ್ದರೆ ತಪ್ಪು. ಆದ್ದರಿಂದ ಪ್ರೋಗ್ರಾಮಿನ ಅರ್ಧ ಕೆಲಸ ಓದುವುದಾದರೆ ಉಳಿದರ್ಧ ಓದಿದ್ದನ್ನು ಅನುಮಾನಿಸುವುದು.

ಲಿನಕ್ಸ್‌ನಲ್ಲಿ ಇದು ಅತ್ಯಂತ ಸುಲಭ. ಸಿಸ್ ಎಂಬ ಮೂಲ ಫೋಲ್ಡರಿನಲ್ಲಿ ಕ್ಲಾಸ್, ಅದರೊಳಗೆ ಡಿಎಂಐ, ಅದರೊಳಗೆ ಐಡಿ ಎಂಬ ಫೋಲ್ಡರ್ ಇದೆ. ಅಲ್ಲಿ ಬೋರ್ಡ್_ವೆಂಡರ್, ಬೋರ್ಡ್_ನೇಮ್, ಬೋರ್ಡ್_ವರ್ಷನ್, ಬೋರ್ಡ್_ಸೀರಿಯಲ್ ಎಂಬ ಫೈಲುಗಳಿರುತ್ತವೆ. ಪೈಥಾನ್‌ನಲ್ಲಿ ಸಾಮಾನ್ಯ ಪಠ್ಯದ ಫೈಲಿನಂತೆಯೇ ಇವನ್ನು ತೆರೆದು, ಓದಿ, ಕೊನೆಯ ಖಾಲಿ ಅಕ್ಷರಗಳನ್ನು ಸ್ಟ್ರಿಪ್ ಮಾಡಿದರೆ ಸಾಕು. ಮೊದಲ ಮೂರನ್ನು ಯಾವ ಬಳಕೆದಾರರಾದರೂ ಓದಬಹುದು. ಸೀರಿಯಲ್ ಸಂಖ್ಯೆಯ ಫೈಲನ್ನು ರೂಟ್ ಎಂಬ ನಿರ್ವಾಹಕರ ಖಾತೆ ಮಾತ್ರ ಓದಬಲ್ಲದು. ಫೈಲೇ ಇಲ್ಲದಿರುವುದು ಮತ್ತು ಅನುಮತಿ ಸಿಗದಿರುವುದು ಬೇರೆ ಬೇರೆ ದೋಷಗಳಾದ್ದರಿಂದ ಎರಡಕ್ಕೂ ಪ್ರತ್ಯೇಕ ಸಂದೇಶ ಬರುವಂತೆ ಬರೆಯಬೇಕು.

ವಿಂಡೋಸ್‌ನಲ್ಲಿ ಬಹುಕಾಲ ಎಲ್ಲರೂ ಬಳಸುತ್ತಿದ್ದುದು ಡಬ್ಲ್ಯುಎಂಐಸಿ ಎಂಬ ಆದೇಶ. ಮೈಕ್ರೋಸಾಫ್ಟ್ ಅದನ್ನು ಕೈಬಿಡುತ್ತಿರುವುದರಿಂದ ಹೊಸ ಪ್ರೋಗ್ರಾಮನ್ನು ಅದರ ಮೇಲೆ ಕಟ್ಟಬಾರದು. ಪವರ್‌ಶೆಲ್‌ನಲ್ಲಿ ಗೆಟ್-ಸಿಮ್‌ಇನ್‌ಸ್ಟನ್ಸ್ ಎಂಬ ಆದೇಶಕ್ಕೆ ವಿನ್32_ಬೇಸ್‌ಬೋರ್ಡ್ ಎಂಬ ಕ್ಲಾಸಿನ ಹೆಸರು ಕೊಟ್ಟರೆ ಮ್ಯಾನುಫ್ಯಾಕ್ಚರರ್, ಪ್ರಾಡಕ್ಟ್, ವರ್ಷನ್, ಸೀರಿಯಲ್‌ನಂಬರ್ ಎಲ್ಲವೂ ಬರುತ್ತವೆ. ಮಾದರಿಯ ಹೆಸರು ಇರುವುದು ಪ್ರಾಡಕ್ಟ್ ಎಂಬಲ್ಲಿ. ನೇಮ್ ಎಂಬ ಗುಣವೂ ಅಲ್ಲಿದೆಯಾದರೂ ಅದರಲ್ಲಿ ಸಿಗುವುದು 'ಬೇಸ್ ಬೋರ್ಡ್' ಎಂಬ ಸಾಮಾನ್ಯ ಪದ ಮಾತ್ರ. ಹೊಸದಾಗಿ ಬರೆಯುವವರು ಎಡವುವುದು ಇಲ್ಲಿಯೇ. ಇನ್ನೂ ಹಗುರವಾದ ದಾರಿ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ರಿಜಿಸ್ಟ್ರಿ: ಲೋಕಲ್ ಮಷೀನ್ ಕೀಲಿಯೊಳಗೆ ಹಾರ್ಡ್‌ವೇರ್, ಡಿಸ್ಕ್ರಿಪ್ಷನ್, ಸಿಸ್ಟಮ್, ಬಯೋಸ್ ಎಂದು ಇಳಿದರೆ ಬೇಸ್‌ಬೋರ್ಡ್‌ಪ್ರಾಡಕ್ಟ್ ಎಂಬ ಮೌಲ್ಯ ಸಿಗುತ್ತದೆ. ಅದನ್ನು ಓದಲು ಅಡ್ಮಿನ್ ಹಕ್ಕು ಬೇಕಾಗಿಲ್ಲ.

ಸಿ ಭಾಷೆಯಲ್ಲಿ ಬರೆಯುವವರು, ಅಥವಾ ಒಳಗಿನ ರಚನೆಯನ್ನೇ ನೋಡಬಯಸುವವರು, ಗೆಟ್‌ಸಿಸ್ಟಮ್‌ಫರ್ಮ್‌ವೇರ್‌ಟೇಬಲ್ ಎಂಬ ಫಂಕ್ಷನ್‌ಗೆ ಆರ್‌ಎಸ್‌ಎಂಬಿ ಎಂಬ ನಾಲ್ಕಕ್ಷರದ ಗುರುತು ಕೊಟ್ಟು ಇಡೀ ಕೋಷ್ಟಕವನ್ನು ಪಡೆಯಬಹುದು. ಮೊದಲು ಬಫರ್ (ದತ್ತಾಂಶ ತುಂಬುವ ಜಾಗ) ಇಲ್ಲದೆ ಕರೆದರೆ ಎಷ್ಟು ಬೈಟ್ ಬೇಕೆಂಬುದು ತಿಳಿಯುತ್ತದೆ. ಅಷ್ಟು ಜಾಗ ಪಡೆದು ಮತ್ತೆ ಕರೆಯಬೇಕು. ಹೀಗೆ ಬಂದ ದತ್ತಾಂಶದ ಮೊದಲ 8 ಬೈಟ್ ವಿಂಡೋಸ್ ಸೇರಿಸಿದ ತಲೆಬರಹ, ಅದನ್ನು ದಾಟಿದ ಮೇಲೆ ನಿಜವಾದ ಕೋಷ್ಟಕ. ಅದರಲ್ಲಿ ಪ್ರತಿ ದಾಖಲೆಯೂ 4 ಬೈಟಿನ ತಲೆಯೊಂದಿಗೆ ಶುರುವಾಗುತ್ತದೆ: ಒಂದು ಬೈಟ್ ಬಗೆ, ಒಂದು ಬೈಟ್ ಉದ್ದ, ಎರಡು ಬೈಟ್ ಹ್ಯಾಂಡಲ್ (ಆ ದಾಖಲೆಯ ಗುರುತು ಸಂಖ್ಯೆ). ಬಗೆ 0 ಬಯೋಸ್, 1 ಇಡೀ ಸಿಸ್ಟಮ್, 2 ಮದರ್‌ಬೋರ್ಡ್, 127 ಕೋಷ್ಟಕದ ಕೊನೆ.

ಬಗೆ 2ರ ದಾಖಲೆಯಲ್ಲಿ ತಲೆಯ ನಂತರದ ಬೈಟುಗಳು ಕ್ರಮವಾಗಿ 1, 2, 3, 4 ಎಂದಿದ್ದರೆ ಅವು ತಯಾರಕ, ಮಾದರಿ, ಆವೃತ್ತಿ, ಸೀರಿಯಲ್ ಇವುಗಳ ಪಠ್ಯವಲ್ಲ, ಆ ಪಠ್ಯಗಳ ಸರದಿ ಸಂಖ್ಯೆ. ಪಠ್ಯಗಳಿರುವುದು 'ಉದ್ದ' ಬೈಟ್ ಹೇಳಿದಷ್ಟು ಜಾಗ ಮುಗಿದ ಮೇಲೆ, ಒಂದರ ಹಿಂದೆ ಒಂದು, ಪ್ರತಿಯೊಂದರ ಕೊನೆಗೂ ಒಂದು ಸೊನ್ನೆಯ ಬೈಟಿನೊಂದಿಗೆ. ಎರಡು ಸೊನ್ನೆಗಳು ಒಟ್ಟಿಗೆ ಬಂದರೆ ಆ ದಾಖಲೆ ಮುಗಿಯಿತೆಂದು ಅರ್ಥ. ಸರದಿ 1ರಿಂದ ಶುರುವಾಗುತ್ತದೆ. 0 ಎಂದಿದ್ದರೆ ಪಠ್ಯವೇ ಇಲ್ಲ. ಅರೇ ಎಣಿಕೆಯ ಅಭ್ಯಾಸದಿಂದ 0ಯನ್ನು ಮೊದಲ ಪಠ್ಯವೆಂದು ತಿಳಿದರೆ ತಯಾರಕರ ಜಾಗದಲ್ಲಿ ಮಾದರಿಯ ಹೆಸರು ಬಂದು ಕೂರುತ್ತದೆ.

ಓದುವುದು ಇಷ್ಟೇ. ಇನ್ನು ಅನುಮಾನಿಸುವುದು. ಅನೇಕ ಬೋರ್ಡುಗಳಲ್ಲಿ ಸೀರಿಯಲ್ ಇರಬೇಕಾದ ಕಡೆ 'ಟು ಬಿ ಫಿಲ್ಡ್ ಬೈ ಓಇಎಂ', 'ಡೀಫಾಲ್ಟ್ ಸ್ಟ್ರಿಂಗ್', 'ನನ್' ಎಂಬಂಥ ಪದಗಳೇ ಉಳಿದಿರುತ್ತವೆ. ಇಂಥವುಗಳ ಪಟ್ಟಿಯೊಂದನ್ನು ಪ್ರೋಗ್ರಾಮಿನಲ್ಲಿಟ್ಟು, ದೊಡ್ಡಕ್ಷರ ಚಿಕ್ಕಕ್ಷರದ ಭೇದವಿಲ್ಲದೆ ಹೋಲಿಸಿ, ಸಿಕ್ಕಿದರೆ 'ಮಾಹಿತಿ ಇಲ್ಲ' ಎಂದು ದಾಖಲಿಸಬೇಕು. ಇಲ್ಲವಾದರೆ ಹತ್ತು ಯಂತ್ರಗಳಿಗೆ ಒಂದೇ ಸೀರಿಯಲ್ ಬಂದು, ಅದನ್ನೇ ಕೀಲಿಯಾಗಿ ನಂಬಿದ ಸ್ಟಾಕ್ ರಿಜಿಸ್ಟರಿನಲ್ಲಿ ಹತ್ತು ಹೋಗಿ ಒಂದು ಉಳಿಯುತ್ತದೆ.

ಶುದ್ಧ ಮಾಡುವ ಉತ್ಸಾಹವೂ ಮಿತಿ ಮೀರಬಾರದು ಎಂಬುದನ್ನು ನಾನು ಹಣ ಕೊಟ್ಟು ಕಲಿತೆ. ಪಟ್ಟಿ ಚೆನ್ನಾಗಿ ಕಾಣಲೆಂದು ಮಾದರಿಯ ಹೆಸರನ್ನು ಮೊದಲ ಖಾಲಿ ಜಾಗಕ್ಕೇ ಕತ್ತರಿಸುವಂತೆ ಬರೆದಿದ್ದೆ. ನಾಲ್ಕು ಯಂತ್ರಗಳಲ್ಲಿ ಎಚ್110 ಚಿಪ್‌ಸೆಟ್ಟಿನ ಬೋರ್ಡ್ ಎಂದು ಬಂತು. ಆ ಚಿಪ್‌ಸೆಟ್ಟಿನ ಬೋರ್ಡುಗಳು ಹೆಚ್ಚಾಗಿ ಡಿಡಿಆರ್4 ರ‍್ಯಾಮ್ ತೆಗೆದುಕೊಳ್ಳುವುದರಿಂದ ಮೈಸೂರಿಗೆ ಹೋದಾಗ ನಾಲ್ಕು ಡಿಡಿಆರ್4 ತಂದೆ. ಸ್ಲಾಟಿನಲ್ಲಿಟ್ಟು ನೋಡಿದರೆ ಗೆರೆಯ ಕಚ್ಚು ಹೊಂದುತ್ತಿಲ್ಲ. ಎಚ್110ರಲ್ಲಿ ಡಿಡಿಆರ್3 ತೆಗೆದುಕೊಳ್ಳುವ ಬೋರ್ಡುಗಳೂ ಇವೆ, ಮತ್ತು ಆ ವ್ಯತ್ಯಾಸವನ್ನು ಹೇಳುತ್ತಿದ್ದ 'ಡಿಡಿಆರ್3' ಎಂಬ ಪದ ನನ್ನ ಪ್ರೋಗ್ರಾಂ ಕತ್ತರಿಸಿ ಎಸೆದ ಬಾಲದಲ್ಲಿತ್ತು. ಅಂದಿನಿಂದ ಮೂಲ ಪಠ್ಯವನ್ನು ಒಂದು ಕಾಲಮ್ಮಿನಲ್ಲಿ ಹಾಗೆಯೇ ಉಳಿಸಿಕೊಂಡು, ತಿದ್ದಿದ ರೂಪವನ್ನು ಪಕ್ಕದಲ್ಲಿ ಇಡುತ್ತೇನೆ. ರ‍್ಯಾಮ್ ವಿಷಯಕ್ಕೆ ಬೋರ್ಡಿನ ಹೆಸರನ್ನಷ್ಟೇ ನೆಚ್ಚದೆ ಬಗೆ 17ರ ದಾಖಲೆಯನ್ನೂ ಓದಿಸುತ್ತೇನೆ. ಅಲ್ಲಿ ರ‍್ಯಾಮ್ ಯಾವುದೆಂದು ಹೇಳುವ ಬೈಟ್ 24 ಎಂದರೆ ಡಿಡಿಆರ್3, 26 ಎಂದರೆ ಡಿಡಿಆರ್4, 34 ಎಂದರೆ ಡಿಡಿಆರ್5. ಒಟ್ಟು ಎಷ್ಟು ಸ್ಲಾಟುಗಳಿವೆ ಎಂಬುದು ಬಗೆ 16ರಲ್ಲಿ ಸಿಗುತ್ತದೆ.

ಕಂಪನಿಯಿಂದ ಜೋಡಿಸಿ ಬಂದ ಯಂತ್ರಗಳಲ್ಲಿ ಬೋರ್ಡಿನ ಹೆಸರು ನಮಗೆ ಅರ್ಥವಾಗುವಂತೆ ಇರುವುದು ಕಡಿಮೆ. ಡೆಲ್ ಮತ್ತು ಎಚ್‌ಪಿ ಯಂತ್ರಗಳಲ್ಲಿ ಅಕ್ಷರ, ಅಂಕಿ ಬೆರೆತ ಚಿಕ್ಕ ಸಂಕೇತ ಮಾತ್ರ ಸಿಗುವುದುಂಟು. ಅಂಥಲ್ಲಿ ಬಗೆ 1ರಲ್ಲಿರುವ ಸಿಸ್ಟಮ್ ಮಾದರಿಯನ್ನೂ ಜೊತೆಗೆ ಬರೆದುಕೊಳ್ಳಬೇಕು. ಕಂಪ್ಯೂಟರಿನೊಳಗೆ ತೋರಿಕೆಯ ಕಂಪ್ಯೂಟರ್ ಸೃಷ್ಟಿಸುವ ವರ್ಚುವಲ್‌ಬಾಕ್ಸ್‌ನೊಳಗೆ ಓಡಿಸಿದರೆ ತಯಾರಕರ ಹೆಸರು ಒರಾಕಲ್ ಎಂದು ಬರುತ್ತದೆ; ಅದು ಬೋರ್ಡೇ ಅಲ್ಲ. ರಾಸ್ಪ್‌ಬೆರಿ ಪೈ ಎಂಬ ಚಿಕ್ಕ ಒಂದೇ ಬೋರ್ಡಿನ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಈ ಕೋಷ್ಟಕವಿರುವುದಿಲ್ಲ. ಅಲ್ಲಿ ಪ್ರೊಕ್ ಫೋಲ್ಡರಿನ ಡಿವೈಸ್-ಟ್ರೀ ಒಳಗಿರುವ ಮಾಡೆಲ್ ಎಂಬ ಫೈಲನ್ನು ಓದಿ, ಕೊನೆಯ ಸೊನ್ನೆ ಬೈಟನ್ನು ತೆಗೆಯಬೇಕು.

ಇಷ್ಟಾದರೂ ಒಂದೇ ಬಾರಿಗೆ ಕೊಂಡ ಯಂತ್ರಗಳ ಗುಂಪಿನಲ್ಲಿ ಒಂದರ ಮುಚ್ಚಳವನ್ನಾದರೂ ತೆಗೆದು ಪಟ್ಟಿಯೊಂದಿಗೆ ಹೋಲಿಸುವುದು ಒಳ್ಳೆಯದು. ಬಯೋಸ್ ಫೈಲ್ ಇಳಿಸಿಕೊಳ್ಳುವಾಗ ಕೆಲವು ಬೋರ್ಡುಗಳಿಗೆ ರಿವಿಷನ್ ಸಂಖ್ಯೆ ಬೇಕಾಗುತ್ತದೆ, ಆದರೆ ಗಿಗಾಬೈಟ್‌ನ ಅನೇಕ ಬೋರ್ಡುಗಳ ಫರ್ಮ್‌ವೇರ್‌ನಲ್ಲಿ ಆವೃತ್ತಿಯ ಜಾಗದಲ್ಲಿ 'ಎಕ್ಸ್.ಎಕ್ಸ್' ಎಂದಷ್ಟೇ ಇರುತ್ತದೆ. ನಿಜವಾದ ಸಂಖ್ಯೆ ಬೋರ್ಡಿನ ಮೂಲೆಯಲ್ಲಿ ಬಿಳಿ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಅದನ್ನು ಓದಲು ಟಾರ್ಚನ್ನೇ ಹಿಡಿಯಬೇಕು.