ಉಪ್ಪಿಲ್ಲದ ಕಡಲಿನ ಮುಂಜಾವು

ಹೊನ್ನಾವರದ ತೀರದಲ್ಲಿ ಕ್ಯಾಮೆರಾ ಹಿಡಿಯಲು ಕಲಿತವರಿಗೆ ಒಂದು ಅಭ್ಯಾಸ ಮೈಗೂಡಿರುತ್ತದೆ. ಸಂಜೆ ಐದಕ್ಕೆ ಕಡಲಿಗೆ ಇಳಿಯುವುದು, ಸೂರ್ಯ ನೀರಿಗೆ ಬೀಳುವವರೆಗೆ ಕಾಯುವುದು. 2016ರ ಅಕ್ಟೋಬರ್‌ನಲ್ಲಿ ಅಮೆರಿಕದ ಸುಪೀರಿಯರ್ ಸರೋವರದ ಉತ್ತರ ತೀರಕ್ಕೆ ನಾನು ಮೊದಲ ಬಾರಿ ಹೋದದ್ದೂ ಹಾಗೆಯೇ. ಡುಲೂತ್ ನಗರ ದಾಟಿ, 61ನೇ ಹೆದ್ದಾರಿ ಹಿಡಿದು, ಸ್ಪ್ಲಿಟ್ ರಾಕ್ ದೀಪಸ್ತಂಭ ಕಾಣುವ ಉರುಟುಕಲ್ಲಿನ ತೀರದಲ್ಲಿ ಟ್ರೈಪಾಡ್ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದಿನ ಗುಡ್ಡದ ನೆರಳು ತೀರವನ್ನೆಲ್ಲ ನುಂಗಿತು. ಬಂಡೆ, ನೀರು, ಕಾಡು ಎಲ್ಲವೂ ಒಂದೇ ಬೂದು. ಮಿನ್ನೆಸೋಟ ರಾಜ್ಯದ ಈ ತಡಿ ಆಗ್ನೇಯಕ್ಕೆ ಮುಖಮಾಡಿದೆ. ಇಲ್ಲಿ ಸೂರ್ಯ ನೀರಿನಿಂದ ಏಳುತ್ತಾನೆ, ಗುಡ್ಡದ ಹಿಂದೆ ಮುಳುಗುತ್ತಾನೆ. ಅಂದಿನಿಂದ ನನ್ನ ಛಾಯಾಗ್ರಹಣವೆಲ್ಲ ಮುಂಜಾನೆಗೆ ಸರಿಯಿತು.

ಮುಂಜಾನೆ ಎಂದರೂ ಸಾಲದು, ಯಾವ ತಿಂಗಳ ಮುಂಜಾನೆ ಎಂಬುದೇ ಮುಖ್ಯ. ಜೂನ್‌ನಲ್ಲಿ ಸೂರ್ಯ ದೂರದ ಈಶಾನ್ಯದಲ್ಲಿ, ಹೆಚ್ಚುಕಡಿಮೆ ದೀಪಸ್ತಂಭದ ಬೆನ್ನಿಗೇ ಮೂಡುತ್ತಾನೆ. ಆಕಾಶ ಚೆನ್ನ, ಬಂಡೆ ಕಪ್ಪು. ಡಿಸೆಂಬರ್‌ನಲ್ಲಿ ಅವನು ಆಗ್ನೇಯಕ್ಕೆ ಜಾರಿರುತ್ತಾನೆ. ಮೊದಲ ಕಿರಣ ನೇರವಾಗಿ ಬಂಡೆಯ ಮುಖಕ್ಕೆ ಬೀಳುತ್ತದೆ. ಆ ಬಂಡೆ ಅನಾರ್ಥೊಸೈಟ್ ಎಂಬ ಶಿಲೆ, ಸುತ್ತಲಿನ ಕಪ್ಪು ಬಂಡೆಗಳ ನಡುವೆ ಅದು ತಿಳಿ ಬಣ್ಣದ್ದು. ಹೀಗಾಗಿ ಬೆಳಕು ತಾಗಿದ ಕೂಡಲೇ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಐದಾರು ನಿಮಿಷವಷ್ಟೇ. ಇಲ್ಲಿನ ಬಂಡೆಗಳ ವಯಸ್ಸು ಸುಮಾರು 110 ಕೋಟಿ ವರ್ಷ. ಖಂಡವೇ ಸೀಳಲು ಹೊರಟಾಗ ಉಕ್ಕಿದ ಶಿಲಾರಸದ ಉಳಿಕೆ ಅವು. ಅವುಗಳ ಮುಂದೆ ಐದು ನಿಮಿಷದ ಬೆಳಕಿಗಾಗಿ ಮಿನ್ನಿಯಾಪೊಲಿಸ್‌ನಿಂದ ಮೂರೂವರೆ ಗಂಟೆ ರಾತ್ರಿಯಲ್ಲೇ ಕಾರು ಓಡಿಸುವುದು ನನಗೆ ಎಂದೂ ಹೆಚ್ಚೆನಿಸಿಲ್ಲ.

ಈ ಸರೋವರದ ಹರವು ಸುಮಾರು 82,000 ಚದರ ಕಿಲೋಮೀಟರ್, ಕರ್ನಾಟಕದ ಐದರಲ್ಲಿ ಎರಡು ಭಾಗಕ್ಕೂ ಹೆಚ್ಚು. ಆಳ ಕೆಲವೆಡೆ 400 ಮೀಟರ್ ದಾಟುತ್ತದೆ. ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನ ಇದನ್ನು ಗಿಚಿಗಮಿ, ಅಂದರೆ ಮಹಾಸಾಗರ ಎಂದೇ ಕರೆದರು. ಆ ಹೆಸರು ಕ್ಯಾಮೆರಾದ ಹಿಂದೆ ನಿಂತವನಿಗೂ ದಾರಿ ತೋರಿಸುತ್ತದೆ. ಕಪ್ಪು ಫಿಲ್ಟರ್ ಹಾಕಿ ಎರಡು ಮೂರು ನಿಮಿಷ ಶಟರ್ ತೆರೆದಿಟ್ಟರೆ ಅಲೆಗಳೆಲ್ಲ ಅಳಿಸಿಹೋಗಿ ಹಾಲು ಚೆಲ್ಲಿದಂತಹ ನೀರು ಸಿಗುತ್ತದೆ. ಮೊದಲ ಎರಡು ವರ್ಷ ನಾನೂ ಅದನ್ನೇ ಮಾಡಿದೆ. ಆದರೆ 1905ರ ನವೆಂಬರ್ ಬಿರುಗಾಳಿಯಲ್ಲಿ ಹಡಗುಗಳನ್ನು ಬಂಡೆಗೆ ಅಪ್ಪಳಿಸಿದ ನೀರು ಇದು. ಆ ದುರಂತದಿಂದಲೇ ಈ ದೀಪಸ್ತಂಭ ಕಟ್ಟಿ 1910ರಲ್ಲಿ ಬೆಳಗಿಸಿದರು. ಅಂಥ ನೀರನ್ನು ಹಾಲಿನ ಕೆನೆಯಾಗಿಸುವುದು ಸುಳ್ಳು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈಗ ಅರ್ಧ ಸೆಕೆಂಡಿನ ಆಚೆಗೆ ಹೋಗುವುದು ಅಪರೂಪ. ಅಲೆ ಬಂದು ಬಡಿಯುವಾಗ ಅಲ್ಲ, ಹಿಂದಕ್ಕೆ ಸೆಳೆಯತೊಡಗಿದಾಗ ಗುಂಡಿ ಒತ್ತಬೇಕು. ಆಗ ಉರುಟುಕಲ್ಲುಗಳ ನಡುವೆ ನೊರೆ ಎಳೆಎಳೆಯಾಗಿ ನೀರಿನ ನಡೆಯನ್ನು ಬರೆಯುತ್ತದೆ. ಒದ್ದೆ ಕಲ್ಲಿನ ಹೊಳಪು ತಗ್ಗಿಸಲು ಪೋಲರೈಸರ್ ಸಾಕು. ತಿಳಿನೀರಿನೊಳಗಿನ ಕೆಂಪು, ಹಸಿರು ಕಲ್ಲುಗಳು ಒಂದೊಂದಾಗಿ ಕಾಣತೊಡಗುತ್ತವೆ. ಟ್ರೈಪಾಡಿನ ಕಾಲುಗಳನ್ನು ಮಾತ್ರ ಮೊದಲೇ ಒತ್ತಿ ಕಲ್ಲುಗಳೊಳಗೆ ಹೂಳಬೇಕು. ಇಲ್ಲದಿದ್ದರೆ ಹಿಂದೆ ಸರಿಯುವ ನೀರು ಅಡಿಯ ಕಲ್ಲನ್ನೂ ಎಳೆದೊಯ್ಯುತ್ತದೆ, ಚಿತ್ರ ಅದುರುತ್ತದೆ.

ಅರಬ್ಬೀ ಸಮುದ್ರದ ಹನಿ ಲೆನ್ಸಿಗೆ ತಾಗಿದರೆ ಉಪ್ಪಿನ ಪೊರೆ ಬಿಡುವುದಿಲ್ಲ. ಇಲ್ಲಿ ಉಪ್ಪಿಲ್ಲ, ಬಟ್ಟೆಯಲ್ಲಿ ಒರೆಸಿದರೆ ಆಯಿತು. ಆ ಧೈರ್ಯವೇ ಒಂದು ಜನವರಿಯಲ್ಲಿ ಮುಳುವಾಯಿತು. ಶೂನ್ಯಕ್ಕಿಂತ 22 ಡಿಗ್ರಿ ಕೆಳಗೆ, ಗಾಜಿನ ಮೇಲೆ ಬಿದ್ದ ತುಂತುರನ್ನು ಒರೆಸಿದೆ; ಒರೆಸಿದಷ್ಟೂ ಅದು ತೆಳು ಹಿಮವಾಗಿ ಹರಡಿಕೊಂಡಿತು. ಇಡೀ ಬೆಳಗು ಹೋಯಿತು. ಈಗ ಲೆನ್ಸಿನ ಮುಂದೆ ಸಾದಾ ಫಿಲ್ಟರ್ ಹಾಕಿರುತ್ತೇನೆ. ಹನಿ ಹೆಪ್ಪುಗಟ್ಟಿದರೆ ಅದನ್ನೇ ಕಳಚಿ ಇನ್ನೊಂದು ತೊಡಿಸುತ್ತೇನೆ. ಬ್ಯಾಟರಿಗಳು ಒಳ ಅಂಗಿಯ ಜೇಬಿನಲ್ಲಿ, ಮೈಯ ಬಿಸಿಯಲ್ಲಿ. ಕಾರಿನೊಳಗೆ ಹೋಗುವ ಮೊದಲು ಕ್ಯಾಮೆರಾವನ್ನು ಗಾಳಿಯಾಡದ ಚೀಲದಲ್ಲಿ ಬಿಗಿಯಬೇಕು, ಇಲ್ಲವಾದರೆ ಒಳಗಿನ ಬೆಚ್ಚನೆಯ ತೇವವೆಲ್ಲ ಅದರ ಮೇಲೆ ಬೆವರುತ್ತದೆ.

ಅಂಥ ಚಳಿಯಲ್ಲೇ ಈ ತೀರದ ಅತ್ಯಂತ ದೊಡ್ಡ ಕಾಣ್ಕೆಯೂ ಇದೆ. ಸರೋವರ ಪೂರ್ತಿ ಹೆಪ್ಪುಗಟ್ಟುವುದು ಅಪರೂಪ. ನೀರು ಶೂನ್ಯಕ್ಕಿಂತ ತುಸು ಮೇಲಿದ್ದು, ಅದರ ಮೇಲೆ ನೆಲದ ಕಡೆಯಿಂದ ಕೊರೆಯುವ ಗಾಳಿ ಹರಿದಾಗ ನೀರಿನಿಂದಲೇ ಉಗಿಯೇಳುತ್ತದೆ. ಇಲ್ಲಿನವರು ಅದನ್ನು ಕಡಲ ಹೊಗೆ ಎನ್ನುತ್ತಾರೆ. ಸೂರ್ಯ ಅದರ ಹಿಂದೆ ಮೂಡುವಾಗ ದಿಗಂತದುದ್ದಕ್ಕೂ ಚಿನ್ನದ ಕಂಬಗಳು ಏಳುತ್ತವೆ, ತಿರುಗುತ್ತವೆ, ಕರಗುತ್ತವೆ. ಇದಕ್ಕೆ ಅಗಲ ಲೆನ್ಸ್ ಸಲ್ಲದು. ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸ್ ಹಾಕಿ, 1/250 ಸೆಕೆಂಡಿಗಿಂತ ವೇಗದ ಶಟರ್ ಇಟ್ಟರೆ ಮಾತ್ರ ಪ್ರತಿ ಕಂಬದ ಅಂಚು ಉಳಿಯುತ್ತದೆ. ನಿಧಾನವಾದರೆ ಎಲ್ಲ ಸೇರಿ ಬರೀ ಮಬ್ಬು.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಏಕೆ ಹೋಗುತ್ತೀರಿ ಎಂದು ಸ್ನೇಹಿತರು ಕೇಳುತ್ತಾರೆ. ಇದೇ ದಡದ ಟೆಟಗೂಶ್ ಉದ್ಯಾನದ ತೀರದಲ್ಲಿ ಒಂದು ಕಲ್ಲಿನ ಕಮಾನಿತ್ತು. ನಾನು ಇಲ್ಲಿಗೆ ಬರುವ ಮೊದಲೇ, 2010ರಲ್ಲಿ, ಅದು ಕುಸಿದಿತ್ತು. ನೀರಿನಲ್ಲಿ ಉಳಿದಿದ್ದ ಒಂಟಿ ಕಂಬವನ್ನು ಅನೇಕ ಬಾರಿ ಚಿತ್ರಿಸಿದೆ. 2019ರಲ್ಲಿ ಅದೂ ಬಿತ್ತು. ಆ ಚಿತ್ರಗಳನ್ನು ತೆರೆದಾಗ ಈಗಲೂ ಎದೆ ಭಾರವಾಗುತ್ತದೆ.

ಇತ್ತೀಚೆಗೆ ಮಾರ್ಚ್ ತಿಂಗಳಿಗಾಗಿಯೇ ಕಾಯುತ್ತೇನೆ. ಈಶಾನ್ಯದ ಗಾಳಿ ಒಡೆದ ಹಿಮದ ಹಾಳೆಗಳನ್ನು ಡುಲೂತ್‌ನ ಬ್ರೈಟನ್ ಬೀಚಿಗೆ ತಳ್ಳಿ ರಾಶಿ ಹಾಕುತ್ತದೆ, ಗಾಜಿನ ಬಳೆ ಅಲುಗಿದಂತೆ ಸದ್ದು. ಕಳೆದ ಬಾರಿ ಮಂಡಿಯೂರಿ, ಒಂದು ನೀಲಿ ಹಾಳೆಯ ಹಿಂದೆ ಸೂರ್ಯನನ್ನು ಹೊಂದಿಸಿ, ಬಿಳುಪು ಬೂದಾಗದಂತೆ ಬೆಳಕನ್ನು ಒಂದು ಮೆಟ್ಟಿಲು ಏರಿಸಿ ನಾಲ್ಕೇ ಚಿತ್ರ ತೆಗೆದೆ. ಅಷ್ಟರಲ್ಲಿ ಗಾಳಿ ತಿರುಗಿತು. ನಾನು ಟ್ರೈಪಾಡ್ ಮಡಚುವ ಹೊತ್ತಿಗೆ ಹಿಮದ ಹಾಳೆಗಳು ತಡಿ ಬಿಟ್ಟು, ಎದುರಿನ ವಿಸ್ಕಾನ್ಸಿನ್ ಕಡೆಗೆ ತೇಲತೊಡಗಿದ್ದವು.